ದೀಪ ಮಂಕಾಗಿದ್ದು ನಿಜ

ಗೆಳೆಯಾ,

ನೋಡು ನೋಡು ಅಂತ ನೀನು ಬೆನ್ನು ಬಿದ್ದಿದ್ದ ‘ಗ್ಯಾಸ್‌ಲೈಟ್’ ಸಿನಿಮಾವನ್ನು ಮೊನ್ನೆ ರಾತ್ರಿ ಕೊನೆಗೂ ನೋಡಿದೆ. 1944ರದ್ದು, ಜಾರ್ಜ್ ಕ್ಯೂಕರ್ ನಿರ್ದೇಶನದ್ದು. ಫೋನಿನಲ್ಲಿ ಹೇಳಿದ್ದರೆ ನೀನು ಮಧ್ಯೆ ಬಾಯಿ ಹಾಕುತ್ತಿದ್ದೆ. ಅದಕ್ಕೇ ಇಲ್ಲಿ, ಎಲ್ಲರೆದುರು ಬರೆಯುತ್ತಿದ್ದೇನೆ.

ಇಂಗ್ರಿಡ್ ಬರ್ಗ್‌ಮನ್‌ಗೆ ಆಸ್ಕರ್ ಯಾಕೆ ಬಂತು ಅಂತ ಈಗ ಅರ್ಥವಾಯಿತು. ಗಂಡನ ಪಾತ್ರದ ಚಾರ್ಲ್ಸ್ ಬಾಯೆ ಒಂದು ದಿನವೂ ಅವಳ ಮೇಲೆ ಕೈ ಎತ್ತುವುದಿಲ್ಲ. ವಸ್ತುಗಳನ್ನು ಬಚ್ಚಿಡುತ್ತಾನೆ, ಆಮೇಲೆ ‘ನಿನಗೆ ಮರೆವು’ ಅನ್ನುತ್ತಾನೆ, ಅಷ್ಟೇ. ಪಿಯಾನೋ ಕಛೇರಿಯ ಮಧ್ಯೆ ಅವಳ ಚೀಲದಿಂದಲೇ ತನ್ನ ಗಡಿಯಾರ ತೆಗೆಯುತ್ತಾನಲ್ಲ, ಅಲ್ಲಿ ನನಗೆ ಕೂರಲು ಆಗಲಿಲ್ಲ.

ರಾತ್ರಿ ಅವನು ಕದ್ದು ಅಟ್ಟಕ್ಕೆ ಹೋಗಿ ಅಲ್ಲಿ ಗ್ಯಾಸ್ ದೀಪ ಹಚ್ಚಿದರೆ ಕೆಳಗೆ ಅವಳ ಕೋಣೆಯ ದೀಪ ಮಂಕಾಗುತ್ತದೆ. ಮೇಲಿನ ಮನೆಯವರು ನಲ್ಲಿ ತಿರುಗಿಸಿದರೆ ನಮ್ಮ ಬಚ್ಚಲಲ್ಲಿ ನೀರು ಸಣ್ಣಗಾಗುತ್ತಲ್ಲ, ಹಾಗೆ. ಅವಳು ಕಣ್ಣಾರೆ ಕಂಡದ್ದು ಅದು. ಆದರೂ ತನ್ನ ಕಣ್ಣನ್ನೇ ನಂಬಲಾರಳು. ಕೊನೆಗೆ ಪತ್ತೇದಾರನೂ ದೀಪ ಮಂಕಾಗಿದ್ದನ್ನು ನೋಡುತ್ತಾನೆ. ಆಗ ಅವಳ ಮುಖ ನೋಡಬೇಕು ಕಣೋ. ಹೋದ ಜೀವ ಬಂದ ಹಾಗೆ.

2022ರಲ್ಲಿ ಮೆರಿಯಂ-ವೆಬ್‌ಸ್ಟರ್ ನಿಘಂಟಿನವರು ‘ಗ್ಯಾಸ್‌ಲೈಟಿಂಗ್’ ಅನ್ನೋದನ್ನೇ ವರ್ಷದ ಪದ ಅಂತ ಆರಿಸಿದ್ದರು. ಹೀಗೆ ಎದುರಿನವರಿಗೆ ತಮ್ಮ ಮೇಲೇ ಅನುಮಾನ ಬರುವಂತೆ ಮಾಡುವುದಕ್ಕೆ ಆ ಹೆಸರು. ಆ ಪದವನ್ನು ನಾನೂ ಸಾಕಷ್ಟು ಬಳಸಿದ್ದೇನೆ. ಯಾವಾಗಲೂ ಬೇರೆಯವರ ಬಗ್ಗೆ.

ಹೋದ ತಿಂಗಳು ಅಕ್ಕನ ಮನೆಯವರು ಊಟಕ್ಕೆ ಬರ್ತಾರೆ ಅಂತ ಇವಳಿಗೆ ಹೇಳುವುದನ್ನು ಮರೆತಿದ್ದೆ. ಅವರು ಬಾಗಿಲಿಗೆ ಬಂದಾಗ ‘ಹೇಳಿದ್ದೆನಲ್ಲ, ನಿನಗೆ ನೆನಪಿಲ್ಲ’ ಅಂದುಬಿಟ್ಟೆ. ‘ಹೌದಾ? ಇರಬಹುದು’ ಅಂದು ಇವಳು ಮತ್ತೆ ಕುಕ್ಕರ್ ಇಟ್ಟಳು. ಅದೊಂದೇ ಸಲ ಅಂತ ಬರೆಯಲು ಹೊರಟಿದ್ದೆ. ಇಲ್ಲ, ಒಂದೇ ಸಲ ಅಲ್ಲ.

ಸಿನಿಮಾ ಮುಗಿದಾಗ ಒಂದು ಗಂಟೆ. ನೀರು ಕುಡಿಯಲು ಅಡುಗೆಮನೆಗೆ ಹೋದವನು ಗೋಡೆಯ ಕ್ಯಾಲೆಂಡರಿಗೆ ಮೊಬೈಲ್ ಟಾರ್ಚ್ ಹಿಡಿದೆ. ಹಾಲಿನ ಲೆಕ್ಕದ ಕೆಳಗೆ ಸಣ್ಣ ಅಕ್ಷರ: ‘ಶನಿವಾರ ಹಲ್ಲಿನ ಡಾಕ್ಟರು – ಇವರು ಹೇಳಿದ್ದು.’ ಎರಡು ಚೌಕ ಬಿಟ್ಟು ಇನ್ನೊಂದು: ‘ಇವರು ಹೇಳಿದ್ದು.’ ತಿಂಗಳಿಡೀ ಹಾಗೇ. ಒಳ್ಳೆಯ ಅಭ್ಯಾಸ ಮಾಡಿಕೊಂಡಿದ್ದಾಳೆ ಅಂದುಕೊಂಡಿದ್ದೆ ನಾನು.

ಬೆಳಿಗ್ಗೆ ಎಲ್ಲ ಹೇಳಿದೆ. ಅವಳು ದೋಸೆ ಮಗುಚಿದಳು. ನನ್ನ ಕಡೆ ತಿರುಗಲಿಲ್ಲ. ‘ಮತ್ತೆ ಆ ಬ್ಯಾಂಕಿನ ಪಾಸ್‌ಬುಕ್ಕು?’ ಅಂದಳು. ಅದೂ ನಾನೇ ಅಂದೆ.

ಇಷ್ಟು ಬರೆಯಬೇಕು ಅಂತ ಇರಲಿಲ್ಲ. ಸಾಕು ಬಿಡು. ಆ ಕೆಲಸದ ಹುಡುಗಿ ಪಾತ್ರ ನೋಡಿದೆಯಲ್ಲ, ಆಂಜೆಲಾ ಲ್ಯಾನ್ಸ್‌ಬರಿ? ಅದು ಅವಳ ಮೊದಲನೇ ಸಿನಿಮಾ ಅಂತೆ, ಎಂಥ ಕಣ್ಣು! ಬಂದಾಗ ಕೂತು ಮಾತಾಡೋಣ.

ಹಾಂ, ಆ ಕರಿ ಛತ್ರಿ ನಿನ್ನದೇ ಕಣೋ. ಒರೆಸಿ ಬಾಗಿಲ ಹತ್ತಿರ ಇಟ್ಟಿದ್ದೇನೆ.

ನಿನ್ನವನು