ಅಮ್ಮನ ದಮ್ಮು ಮತ್ತು ಆ ರಕ್ತಪರೀಕ್ಷೆ

ಬರ್ಮಿಂಗ್‌ಹ್ಯಾಮ್

ಪ್ರೀತಿಯ ಅಕ್ಕನಿಗೆ ನಮಸ್ಕಾರ,

ಇಲ್ಲಿ ಎಲ್ಲ ಕ್ಷೇಮ. ಒಂದು ಟ್ಯೂಬ್ ರಕ್ತದಲ್ಲೇ ಸಿ.ಒ.ಪಿ.ಡಿ. (ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟುವ ದೀರ್ಘಕಾಲದ ಕಾಯಿಲೆ) ಇದೆಯೋ ಇಲ್ಲವೋ, ಎಷ್ಟನೇ ಹಂತ ಅಂತ ಹೇಳಿಬಿಡುತ್ತಾರಂತೆ, ಅಮ್ಮನಿಗೆ ಮಾಡಿಸೋಣವಾ ಅಂತ ಕೇಳಿದ್ದೀಯ. ಬೇಡ. ಮೊದಲು ಊದೋ ಟೆಸ್ಟ್, ಅಂದರೆ ಸ್ಪೈರೋಮೆಟ್ರಿ ಆಗಲಿ.

ನೀನು ಕೇಳಿದ್ದು ಪೂರ್ತಿ ಸುಳ್ಳೇನಲ್ಲ. ಕಾಯಿಲೆ ಜೋರಾದವರ ರಕ್ತದಲ್ಲಿ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಮೂರು ಅಮೈನೊ ಆಮ್ಲ (ಪ್ರೋಟೀನಿನ ಬಿಡಿ ತುಣುಕುಗಳು) ತಗ್ಗಿರುವುದು ಅಧ್ಯಯನಗಳಲ್ಲಿ ಕಂಡಿದೆ. ಉಸಿರೆಳೆಯುವುದೇ ದುಡಿಮೆಯಾಗಿ, ಊಟವೂ ಸೇರದೆ ಹೋದಾಗ ಮೈ ತನ್ನ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ. ಆ ಮೂರನ್ನು ಹೆಚ್ಚಾಗಿ ಬಳಸುವುದೂ ಸ್ನಾಯುಗಳೇ. ಟ್ರಿಪ್ಟೊಫಾನ್ ಎಂಬ ಇನ್ನೊಂದು ಅಮೈನೊ ಆಮ್ಲ ಇಳಿದು, ಅದರಿಂದಲೇ ಆಗುವ ಕೈನುರೆನಿನ್ ಏರಿದರೆ ಅದು ಒಳಗೆ ಉರಿಯೂತ ಇರುವುದರ ಸೂಚನೆ. ಆದರೆ ಇವೆಲ್ಲ ರೋಗಿಗಳ ಗುಂಪಿನ ಸರಾಸರಿಯನ್ನು ಆರೋಗ್ಯವಂತರ ಸರಾಸರಿಯ ಪಕ್ಕ ಇಟ್ಟಾಗ ಕಾಣುವ ಅಂತರ. ಒಬ್ಬೊಬ್ಬರನ್ನೇ ನೋಡಿದರೆ ಎರಡೂ ಕಡೆಯ ಅಂಕಿಗಳು ಬೆರೆತುಹೋಗಿರುತ್ತವೆ. ಟಿ.ಬಿ.ಯಲ್ಲೂ ಸ್ನಾಯು ಕರಗುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಅದೇ ಮೂರು ಏರುವ ಕಡೆ ಹೋಗುತ್ತವೆ, ಎರಡೂ ಇದ್ದವರಲ್ಲಿ ಒಂದು ಇನ್ನೊಂದನ್ನು ಮುಚ್ಚಿಹಾಕುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ. 2015ರಲ್ಲಿ ಫೈಬ್ರಿನೋಜನ್ ಎಂಬ ರಕ್ತದ ಪ್ರೋಟೀನಿಗೆ ಮನ್ನಣೆ ಕೊಟ್ಟಿದ್ದು ಕೂಡ ಔಷಧ ಪ್ರಯೋಗಕ್ಕೆ ರೋಗಿಗಳನ್ನು ಆರಿಸಿಕೊಳ್ಳಲು, ರೋಗ ಪತ್ತೆಗಲ್ಲ.

ರಕ್ತ ತೆಗೆದ ಮೇಲಿನ ಕಥೆ ಇನ್ನೂ ಇದೆ. ಟ್ಯೂಬಿನೊಳಗೆ ರಕ್ತಕಣ ಬದುಕಿಯೇ ಇರುತ್ತವೆ. ಸುಮ್ಮನೆ ಹೊರಗಿಟ್ಟರೆ ಗಂಟೆಗೆ ಶೇ. 5ರಿಂದ 7ರಷ್ಟು ಗ್ಲೂಕೋಸ್ ತಿಂದು ಲ್ಯಾಕ್ಟೇಟ್ ಬಿಡುತ್ತವೆ. ಕಣ ಒಡೆದರೆ ಅದರೊಳಗಿನ ಕಿಣ್ವ ಆರ್ಜಿನಿನ್ ಎಂಬ ಅಮೈನೊ ಆಮ್ಲವನ್ನು ಆರ್ನಿಥಿನ್ ಎಂಬ ಇನ್ನೊಂದಾಗಿ ಮಾಡುತ್ತದೆ. ಅದಕ್ಕೇ ಸಂಶೋಧನೆಯಲ್ಲಿ ರಾತ್ರಿ ಉಪವಾಸ ಇರಿಸಿ, ರಕ್ತ ತೆಗೆದ ಕೂಡಲೇ ಯಂತ್ರದಲ್ಲಿ ಗಿರಗಿರ ತಿರುಗಿಸಿ, ಕಣಗಳಿಲ್ಲದ ದ್ರವ ಅಂದರೆ ಪ್ಲಾಸ್ಮಾ ಬೇರ್ಪಡಿಸಿ, ಮೈನಸ್ 80 ಡಿಗ್ರಿಯಲ್ಲಿಡುತ್ತಾರೆ. ನಮ್ಮೂರಿನಲ್ಲಿ ಬೆಳಿಗ್ಗೆ ತೆಗೆದ ಟ್ಯೂಬು ಬಸ್ಸಿನಲ್ಲಿ ಸಂಜೆಗೆ ಬೆಂಗಳೂರು ಸೇರಿದರೆ ಅಳೆಯುವುದು ಅಮ್ಮನ ಶ್ವಾಸಕೋಶವನ್ನಲ್ಲ, ಬಸ್ ಪ್ರಯಾಣವನ್ನು.

ಊದೋ ಟೆಸ್ಟಿಗೆ ಹೋಗುವ ದಿನ ಹೊಟ್ಟೆ ತುಂಬಾ ತಿನ್ನಿಸಬೇಡ. ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್ ಪಂಪ್ ಬಳಸುತ್ತಿದ್ದರೆ 4ರಿಂದ 6 ಗಂಟೆ ಮೊದಲೇ ನಿಲ್ಲಿಸಬೇಕು, ಮಧ್ಯೆ ಉಸಿರು ಕಟ್ಟಿದರೆ ಮಾತ್ರ ಕೊಡು, ಆಮೇಲೆ ಅಲ್ಲಿ ಹೇಳು. ಮೂಗಿಗೆ ಕ್ಲಿಪ್ ಹಾಕಿ, ಉಸಿರನ್ನು ತುಂಬಾ ಎಳೆದು, ಒಂದೇ ಬಾರಿ ಜೋರಾಗಿ ಊದಿ, ಖಾಲಿಯಾಯಿತು ಅನ್ನಿಸಿದ ಮೇಲೂ ಊದುತ್ತಲೇ ಇರಬೇಕು, ಕಡಿಮೆಯೆಂದರೆ 6 ಸೆಕೆಂಡ್. ಎಡವುವುದು ಇಲ್ಲೇ. ಅಮ್ಮ 3 ಸೆಕೆಂಡಿಗೆ ಬಿಟ್ಟರೆ ಒಟ್ಟು ಗಾಳಿ, ಅಂದರೆ ಎಫ್‌ವಿಸಿ, ಕಡಿಮೆ ಬರುತ್ತದೆ. ಮೊದಲ ಸೆಕೆಂಡಿನ ಗಾಳಿಯನ್ನು ಅದರಿಂದ ಭಾಗಿಸಿದಾಗ ಅನುಪಾತ ಚೆನ್ನಾಗಿ ಕಂಡು, ಇರುವ ಕಾಯಿಲೆಯೇ ಮರೆಯಾಗುತ್ತದೆ. ಸರಿಯಾದ ಮೂರು ಊದು ಬೇಕು, ಅವುಗಳಲ್ಲಿ ದೊಡ್ಡವೆರಡರ ನಡುವೆ 150 ಮಿ.ಲೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಆಮೇಲೆ ಸ್ಪೇಸರ್‌ನಲ್ಲಿ (ಪಂಪಿಗೆ ಸಿಕ್ಕಿಸುವ ಕೊಳವೆ) ನಾಲ್ಕು ಪಫ್ ಸಾಲ್ಬುಟಮಾಲ್ (400 ಮೈಕ್ರೋಗ್ರಾಂ), 15 ನಿಮಿಷ ಬಿಟ್ಟು ಮತ್ತೆ ಊದಿಸಬೇಕು. ಈ ಎರಡನೇ ಸುತ್ತು ಬಿಟ್ಟರೆ ಅರ್ಧ ಟೆಸ್ಟ್ ಮಾಡಿಸಿದಂತೆ. ಅದರಲ್ಲೂ ಅನುಪಾತ 0.70ಕ್ಕಿಂತ ಕಡಿಮೆ ಇದ್ದರೆ ಸಿ.ಒ.ಪಿ.ಡಿ. ಅನ್ನಬಹುದು. ಹಂತ ನಿಲ್ಲುವುದು ಎಫ್‌ಇವಿ1, ಅಂದರೆ ಆ ಮೊದಲ ಸೆಕೆಂಡಿನ ಗಾಳಿಯ ಮೇಲೆ: ಇರಬೇಕಾದ್ದರ ಶೇ. 80 ಅಥವಾ ಹೆಚ್ಚಿದ್ದರೆ ಒಂದು, 50–79 ಎರಡು, 30–49 ಮೂರು, ಅದಕ್ಕೂ ಕೆಳಗೆ ನಾಲ್ಕು.

ರಕ್ತ ಕೊಡಲೇಬೇಕೆಂದಿದ್ದರೆ ರಕ್ತಕಣಗಳನ್ನು ಎಣಿಸುವ ಅಗ್ಗದ ಸಿ.ಬಿ.ಸಿ. ಸಾಕು. ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣದ ಶೇಕಡಾ ಅಲ್ಲ, ಮೈಕ್ರೋಲೀಟರಿಗೆ ಎಷ್ಟು ಎಂಬ ಒಟ್ಟು ಸಂಖ್ಯೆ ಕೇಳು. ಪದೇ ಪದೇ ಉಲ್ಬಣವಾಗುತ್ತಿದ್ದವರಲ್ಲಿ ಅದು 300 ಅಥವಾ ಹೆಚ್ಚಿದ್ದರೆ ಸ್ಟೀರಾಯ್ಡ್ ಪಂಪಿನಿಂದ ಗುಣ ಹೆಚ್ಚು. 100ಕ್ಕಿಂತ ಕಡಿಮೆ ಇದ್ದರೆ ಪ್ರಯೋಜನ ಕಮ್ಮಿ, ನ್ಯುಮೋನಿಯಾದ ಭಯ ಹೆಚ್ಚು. ಆದರೆ ಹೊಟ್ಟೆಹುಳ ಇದ್ದರೂ ಈ ಸಂಖ್ಯೆ ಏರುತ್ತದೆ, ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಇಳಿಯುತ್ತದೆ. ಡಾಕ್ಟರಿಗೆ ಎರಡನ್ನೂ ಹೇಳು. ಹಿಮೋಗ್ಲೋಬಿನ್ ಕೂಡ ನೋಡಲಿ, ರಕ್ತಹೀನತೆಯ ಏದುಸಿರನ್ನೂ ನಾವು ದಮ್ಮು ಅಂದುಕೊಂಡಿರಬಹುದು.

ಅಮ್ಮ ಬೀಡಿ ಸೇದಿಲ್ಲವಲ್ಲ ಅಂತ ಡಾಕ್ಟರು ತಳ್ಳಿಹಾಕಿದರೆ ಒಲೆಯ ಲೆಕ್ಕ ಕೊಡು. ದಿನಕ್ಕೆ ಒಲೆ ಮುಂದೆ ಕೂತ ಗಂಟೆಗಳನ್ನು ವರ್ಷಗಳಿಂದ ಗುಣಿಸಬೇಕು. ಮೈಸೂರು ಕಡೆಯ ಹಳ್ಳಿ ಹೆಣ್ಣುಮಕ್ಕಳ ಅಧ್ಯಯನದಲ್ಲಿ ಈ ಲೆಕ್ಕ 60 ದಾಟಿದವರಿಗೆ ದೀರ್ಘಕಾಲದ ಕೆಮ್ಮು-ಕಫದ ಅಪಾಯ ಎದ್ದು ಕಂಡಿತ್ತು. ಅಡುಗೆ, ಬಚ್ಚಲ ಹಂಡೆ ಸೇರಿ ದಿನಕ್ಕೆ ನಾಲ್ಕು ಗಂಟೆ, ಮೂವತ್ತು ವರ್ಷ ಅಂದರೂ 120. ಗ್ಯಾಸ್ ಬಂದ ಮೇಲೂ ನೀರು ಕಾಯಿಸುವುದು ಸೌದೆಯಲ್ಲೇ ತಾನೆ? ಅದನ್ನೂ ಸೇರಿಸು.

ರಿಪೋರ್ಟ್ ಬಂದಾಗ ಅಂಕಿಗಳ ಪುಟ ಮಾತ್ರವಲ್ಲ, ಗೆರೆ ಬರೆದಿರುವ ಪುಟದ ಫೋಟೊ ಕೂಡ ಕಳಿಸು. ಎಲ್ಲಿ ಊದುವುದು ಬಿಟ್ಟರು ಅಂತ ಆ ಗೆರೆಯಲ್ಲೇ ಗೊತ್ತಾಗುತ್ತದೆ. ಭಾವನವರಿಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ ತಮ್ಮ