ರೈಟ್, ರೈಟ್

ಪುಸ್ತಕ ಬಂತು. ಭಾನುವಾರ ಮಧ್ಯಾಹ್ನ ಮುದ್ರಣಾಲಯದವರು ನಾಲ್ಕು ಕಟ್ಟುಗಳನ್ನು ಜಗುಲಿಯ ಮೇಲೆ ಇಳಿಸಿ ಹೋದರು. ನಾನಿನ್ನೂ ಭಾರ ಎತ್ತುವಂತಿಲ್ಲ. ಮಗಳು ದಾರ ಕತ್ತರಿಸಿ ಒಂದು ಪ್ರತಿಯನ್ನು ಕೈಗಿಟ್ಟಳು. ಓದಲಿಲ್ಲ, ಸುಮ್ಮನೆ ಮೂಗಿಗೆ ಹಿಡಿದುಕೊಂಡು ಕುಳಿತೆ.

ಜರ್ಮನಿಯ ರೇಸ್ ಕಾರುಗಳ ಕಥೆಯನ್ನು ಕನ್ನಡದಲ್ಲಿ ಬರೆಯುತ್ತೇನೆ ಎಂದು ಆರು ವರ್ಷಗಳಿಂದ ನಿಮ್ಮೆಲ್ಲರ ತಲೆ ತಿಂದಿದ್ದೇನೆ. ನಡುವೆ ಆಷಾಢದಲ್ಲಿ ಆಸ್ಪತ್ರೆ ಸೇರಿ ಶಸ್ತ್ರಚಿಕಿತ್ಸೆಯಾದದ್ದು ನಿಮಗೆ ಗೊತ್ತೇ ಇದೆ. ಆ ಪುರಾಣವನ್ನು ಮತ್ತೆ ಬಿಚ್ಚುವುದಿಲ್ಲ. ಇದು ಋಣ ನೆನೆಯುವುದಕ್ಕಷ್ಟೇ.

ವೈದ್ಯರು, ರಾತ್ರಿ ಪಾಳಿಯ ದಾದಿಯರು, ರಕ್ತ ಕೊಟ್ಟ ಮೂವರು ಹಳೆಯ ಸಹೋದ್ಯೋಗಿಗಳು, ಕರಡು ತಿದ್ದುವಾಗ ನನ್ನ ಅಲ್ಪವಿರಾಮಗಳನ್ನೆಲ್ಲ ನಿರ್ದಯವಾಗಿ ಕಿತ್ತೆಸೆದ ಮೇಷ್ಟ್ರು, ಸ್ಟುಟ್‌ಗಾರ್ಟ್‌ನ ಮರ್ಸಿಡಿಸ್ ವಸ್ತುಸಂಗ್ರಹಾಲಯಕ್ಕೆ ನನಗಾಗಿ ಮೂರು ಸಲ ಹೋಗಿ ಬೇಕಾದ ಚಿತ್ರಗಳನ್ನು ಕಳಿಸಿಕೊಟ್ಟ ಹುಡುಗರು: ನಿಮಗೆಲ್ಲ ಸೇರಿ ಒಂದೇ ವಾಕ್ಯ. ಕಡಿಮೆಯಾಯಿತು ಅನ್ನಿಸಿದವರು ಮನೆಗೆ ಬನ್ನಿ, ಕಾಫಿಯಲ್ಲಿ ಸರಿದೂಗಿಸುತ್ತೇನೆ. ಹೆಂಡತಿಯ ಹೆಸರೆತ್ತಿದರೆ ‘ಇದನ್ನೆಲ್ಲ ಊರಿಗೆ ಹೇಳಬೇಕೇ’ ಎಂದು ಗದರುತ್ತಾಳೆ. ಎತ್ತುವುದಿಲ್ಲ.

ಅಕ್ಕನ ಮಗಳಿಗೆ ಮಾತ್ರ ಒಂದು ಪ್ಯಾರಾ ಸಲ್ಲಬೇಕು. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ನನ್ನ ಮೊದಲ ಅಧ್ಯಾಯದ ಅಂಚಿನಲ್ಲಿ ಪೆನ್ಸಿಲಿನಿಂದ ‘ಮಾವ, ಈ ದುಡ್ಡು ಯಾರದು?’ ಎಂದು ಬರೆದು ಕಳಿಸಿದಳು. 1934ರಲ್ಲಿ ಹೊಸ ನಿಯಮದಡಿ ಟ್ರ್ಯಾಕಿಗಿಳಿದ ಮರ್ಸಿಡಿಸ್ ಡಬ್ಲ್ಯು 25, ಚಾಲಕನ ಬೆನ್ನ ಹಿಂದೆ ಹದಿನಾರು ಸಿಲಿಂಡರುಗಳ ಎಂಜಿನ್ ಹೊತ್ತ ಆಟೊ ಯೂನಿಯನ್ ಎಂದೆಲ್ಲ ನಾನು ಮೈಮರೆತು ಬರೆದಿದ್ದೆ. ಎರಡೂ ಕಂಪನಿಗಳಿಗೆ ನಾಜಿ ಸರ್ಕಾರ ಹಣ ಕೊಡುತ್ತಿತ್ತು ಎಂಬುದನ್ನು ಅರ್ಧ ಸಾಲಿನಲ್ಲಿ ಮುಗಿಸಿದ್ದೆ. ಈಗ ಅದು ಎಂಟು ಪುಟವಾಗಿದೆ. 1938ರ ಜನವರಿ 28ರ ಬೆಳಿಗ್ಗೆ ಫ್ರಾಂಕ್‌ಫರ್ಟ್–ಡಾರ್ಮ್‌ಸ್ಟಾಟ್ ಹೆದ್ದಾರಿಯಲ್ಲಿ ಮರ್ಸಿಡಿಸ್ ಚಾಲಕ ರುಡಾಲ್ಫ್ ಕರಾಚಿಯೋಲಾ ಗಂಟೆಗೆ 432.7 ಕಿ.ಮೀ. ವೇಗ ಮುಟ್ಟಿದ. ಅದನ್ನು ಮೀರಲು ಹೊರಟ ಆಟೊ ಯೂನಿಯನ್ ಚಾಲಕ ಬರ್ನ್ಡ್ ರೋಸೆಮಯರ್ ಅದೇ ದಿನ ಅದೇ ರಸ್ತೆಯಲ್ಲಿ ಸತ್ತ. ವಯಸ್ಸು 28, ಮನೆಯಲ್ಲಿ ಎರಡೂವರೆ ತಿಂಗಳ ಮಗು. ಅವನು ನಾಜಿಗಳ ಅರೆಸೇನಾ ಪಡೆಯಾದ ಎಸ್‌ಎಸ್‌ನ ಸದಸ್ಯನೂ ಆಗಿದ್ದ. ಮಗುವನ್ನು ಬರೆದು ಎಸ್‌ಎಸ್ ಅನ್ನು ಬಿಟ್ಟಿದ್ದ ನನ್ನನ್ನು ಹಿಡಿದು ನಿಲ್ಲಿಸಿದವಳು ಅವಳು.

ಇನ್ನು ಅವಳ ಅಪ್ಪ, ನನ್ನ ಭಾವ.

ಭಾವ ಸಕಲೇಶಪುರದ ಕಡೆಯವರು. ಮೂವತ್ತೊಂದು ವರ್ಷ ಸಾರಿಗೆ ಬಸ್ ಓಡಿಸಿದವರು, ಅದರಲ್ಲಿ ಹೆಚ್ಚು ಕಾಲ ಶಿರಾಡಿ ಘಾಟಿಯ ರಾತ್ರಿ ರೂಟು. ರೇಸ್ ಕಾರು ಎಂದರೆ ಅವರಿಗೆ ಕೆಲಸವಿಲ್ಲದವರ ಸದ್ದು. ಶಸ್ತ್ರಚಿಕಿತ್ಸೆಯಾದ ಎರಡನೆಯ ರಾತ್ರಿ, ನಿದ್ದೆಗೆಟ್ಟು ಸೋತಿದ್ದ ನನ್ನ ಹೆಂಡತಿಯನ್ನು ಮನೆಗೆ ಕಳಿಸಿ ಮಂಚದ ಪಕ್ಕ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತರು. ಹತ್ತು ಗಂಟೆಯ ಹೊತ್ತಿಗೆ ನನಗೆ ಜ್ವರ ಏರಿತು. ಏನಾದರೂ ಓದಿ ಭಾವ ಎಂದೆ. ಚೀಲದಲ್ಲಿದ್ದದ್ದು ನನ್ನ ಹಸ್ತಪ್ರತಿಯೊಂದೇ. ಕನ್ನಡಕ ಏರಿಸಿಕೊಂಡು ನಡುವೆ ಎಲ್ಲೋ ತೆರೆದು, ರೂಟ್ ಬೋರ್ಡ್ ಓದುವಂತೆ ಒಂದೊಂದೇ ಹೆಸರನ್ನು ಬಿಡಿಸಿ ಓದತೊಡಗಿದರು.

ಅದು ಹಾನ್ಸ್ ಹೆರ್ಮಾನ್ ಎಂಬ ಚಾಲಕನ ಭಾಗ. 1954ರ ಮಿಲೆ ಮಿಲಿಯಾ, ಇಟಲಿಯ ಸಾಮಾನ್ಯ ರಸ್ತೆಗಳಲ್ಲೇ ಸುಮಾರು 1600 ಕಿ.ಮೀ. ಓಡುವ ರೇಸು. ಪುಟಾಣಿ ಪೋರ್ಷೆ 550ರಲ್ಲಿ ಬರುತ್ತಿದ್ದ ಹೆರ್ಮಾನ್‌ನ ಎದುರು ರೈಲ್ವೆ ಗೇಟು ಇಳಿಯುತ್ತದೆ. ಬ್ರೇಕ್ ಹಾಕಿದರೂ ನಿಲ್ಲುವಷ್ಟು ದೂರವಿಲ್ಲ. ಪಕ್ಕದಲ್ಲಿದ್ದ ಹರ್ಬರ್ಟ್ ಲಿಂಗೆಯ ತಲೆ ತಟ್ಟಿ ಬಗ್ಗಿಸಿ, ತಾನೂ ಬಗ್ಗಿ, ಗೇಟಿನ ಅಡಿಯಲ್ಲೇ ನುಗ್ಗಿಸಿಬಿಟ್ಟ.

ಭಾವ ಓದು ನಿಲ್ಲಿಸಿದರು. ‘ರೈಲು?’

‘ಬರುತ್ತಿತ್ತು ಭಾವ.’

‘ಇವನ ಲೈಸೆನ್ಸ್ ಕಿತ್ತುಕೊಳ್ಳಲಿಲ್ಲವೇ?’

ನಗು ಬಂತು, ಹೊಲಿಗೆ ಎಳೆಯಿತು, ಕಣ್ಣಲ್ಲಿ ನೀರು ಬಂತು. ಆ ವಾರದ ಮೊದಲ ನಗು ಅದು.

ಮುಂದಿನ ವರ್ಷದ ಅದೇ ರೇಸು. ಸ್ಟರ್ಲಿಂಗ್ ಮಾಸ್, ಮರ್ಸಿಡಿಸ್ 300 ಎಸ್‌ಎಲ್‌ಆರ್, ಕಾರಿನ ಸಂಖ್ಯೆ 722. ಬೆಳಿಗ್ಗೆ 7.22ಕ್ಕೆ ಹೊರಟದ್ದಕ್ಕೆ ಆ ಸಂಖ್ಯೆ. ಪಕ್ಕದಲ್ಲಿ ಗಡ್ಡದ ಪತ್ರಕರ್ತ ಡೆನಿಸ್ ಜೆಂಕಿನ್‌ಸನ್. ಮುಂಚೆಯೇ ದಾರಿಯನ್ನೆಲ್ಲ ಓಡಾಡಿ ನೋಡಿ, ತಿರುವು, ಉಬ್ಬು, ಸೇತುವೆಗಳನ್ನು ಸುಮಾರು 5 ಮೀಟರ್ ಉದ್ದದ ಕಾಗದದ ಸುರುಳಿಯಲ್ಲಿ ಬರೆದು ಡಬ್ಬಿಯಲ್ಲಿಟ್ಟು ತಿರುಗಿಸುತ್ತಾ ಬಂದ. ಎಂಜಿನ್ನಿನ ಅಬ್ಬರದಲ್ಲಿ ಮಾತು ಕೇಳದು, ಆದ್ದರಿಂದ ಎಲ್ಲ ಕೈಸನ್ನೆ. 10 ಗಂಟೆ 7 ನಿಮಿಷ 48 ಸೆಕೆಂಡಿನಲ್ಲಿ ಮುಗಿಸಿದರು.

‘ಅಂದರೆ ಕಂಡಕ್ಟರ್’ ಎಂದರು ಭಾವ.

‘ಅಲ್ಲ ಭಾವ, ದಾರಿ ತೋರಿಸುವವನು.’

‘ಡ್ರೈವರಿಗೆ ಕಾಣದ್ದನ್ನು ಕಂಡು ಹೇಳುವವನು ಕಂಡಕ್ಟರೇ. ಮಂಜಿನಲ್ಲಿ ಬಸ್ಸನ್ನು ಹಿಂದಕ್ಕೆ ತೆಗೆಯುವಾಗ ನಾನು ಕನ್ನಡಿ ನಂಬುತ್ತಿರಲಿಲ್ಲ, ಅವನ ರೈಟ್ ರೈಟ್ ನಂಬುತ್ತಿದ್ದೆ.’

ವಾದಿಸುವಷ್ಟು ಉಸಿರಿರಲಿಲ್ಲ. ಇದ್ದಿದ್ದರೂ ಗೆಲ್ಲುತ್ತಿರಲಿಲ್ಲ ಅನ್ನಿ.

ಮುಂದಿನ ಅಧ್ಯಾಯ ಬೇಡ ಎಂದೆ. ಅದು 1955ರ ಜೂನ್ 11ರ ಲೆ ಮಾನ್ಸ್, ಫ್ರಾನ್ಸಿನ ಇಪ್ಪತ್ತನಾಲ್ಕು ಗಂಟೆಯ ರೇಸು. ಪಿಯೆರ್ ಲೆವೆಗ್ ಓಡಿಸುತ್ತಿದ್ದ ಅದೇ ಬಗೆಯ ಮರ್ಸಿಡಿಸ್ ಮುಂದಿನ ಕಾರನ್ನು ಹತ್ತಿ ಹಾರಿ ಜನರ ಮೇಲೆ ಚೂರುಚೂರಾಗಿ ಎರಗಿತು. ಸತ್ತವರು 80ಕ್ಕೂ ಹೆಚ್ಚು. ರೇಸ್ ಮುಂದುವರಿಯಿತು. ಮುನ್ನಡೆಯಲ್ಲಿದ್ದ ಮರ್ಸಿಡಿಸ್ ತಂಡ ನಡುರಾತ್ರಿಯ ನಂತರ ಉಳಿದ ಕಾರುಗಳನ್ನು ಹಿಂತೆಗೆದುಕೊಂಡು ಹೊರಟುಹೋಯಿತು. ಆ ವರ್ಷದ ಕೊನೆಗೆ ರೇಸಿಂಗನ್ನೇ ಬಿಟ್ಟಿತು. ಮತ್ತೆ ತನ್ನದೇ ತಂಡ ಕಟ್ಟಿ ಫಾರ್ಮುಲಾ ಒನ್‌ಗೆ ಬಂದದ್ದು 2010ರಲ್ಲಿ. ರೇಸ್ ನಿಲ್ಲಿಸದ ಸಂಘಟಕರನ್ನು ನಾನು ಎರಡು ಪುಟ ಬೈದಿದ್ದೆ.

ಬೇಡ ಎಂದರೂ ಭಾವ ತಮ್ಮಷ್ಟಕ್ಕೆ ಓದಿಕೊಂಡಿದ್ದರು. ಎಷ್ಟೋ ಹೊತ್ತಿನ ಮೇಲೆ ಹೇಳಿದರು: ‘ಅಷ್ಟು ಜನ ಒಟ್ಟಿಗೆ ಎದ್ದು ಹೊರಟರೆ ಆಂಬುಲೆನ್ಸ್ ಯಾವ ದಾರಿಯಲ್ಲಿ ಬರುತ್ತದೆ?’ ಸಂಘಟಕರು ಕೊಟ್ಟ ಕಾರಣವೂ ಅದೇ. ನಾನು ಅದನ್ನು ಸಬೂಬು ಎಂದು ಬರೆದಿದ್ದೆ. ಆಮೇಲೆ ಭಾವ, ಘಾಟಿಯಲ್ಲಿ ಒಂದು ರಾತ್ರಿ ಮುಂದೆ ಹೋಗುತ್ತಿದ್ದ ಜೀಪು ಉರುಳಿದ್ದನ್ನು ಹೇಳಿದರು. ಬಸ್ಸನ್ನು ರಸ್ತೆಗೆ ಅಡ್ಡ ನಿಲ್ಲಿಸಿ, ಮೇಲಿಂದ ಯಾರೂ ಇಳಿಯದಂತೆ ಕಂಡಕ್ಟರನನ್ನು ಕಾವಲಿಟ್ಟು, ಕೆಳಗಿಳಿದು ಹೆಸರೇ ಗೊತ್ತಿಲ್ಲದ ಹುಡುಗನೊಬ್ಬನ ಕೈ ಹಿಡಿದು ಕುಳಿತಿದ್ದರಂತೆ. ಎಷ್ಟು ಹೊತ್ತು ಎಂದು ಹೇಳಲಿಲ್ಲ, ಹುಡುಗ ಏನಾದ ಎಂದು ನಾನು ಕೇಳಲಿಲ್ಲ. ಅಕ್ಕನಿಗೂ ಈ ಸಂಗತಿ ಗೊತ್ತಿರಲಿಲ್ಲವಂತೆ. ಬರೆಯುತ್ತೇನೆ ಎಂದು ಮೊನ್ನೆ ಫೋನಿನಲ್ಲಿ ಅಪ್ಪಣೆ ಕೇಳಿದೆ, ‘ಜೀಪಿನ ನಂಬರ್ ಹಾಕಬೇಡ’ ಎಂದರು. ಅಂದರೆ ನಂಬರ್ ಇನ್ನೂ ನೆನಪಿದೆ.

ಆಗ ಎರಡೂವರೆಯೋ ಮೂರೋ ಗಂಟೆ. ನಾನು ಹೇಳಿಬಿಟ್ಟೆ. ಭಾವ, ನನಗೆ ಭಯವಾಗುತ್ತಿದೆ, ಬೆಳಗಾಗುವುದಿಲ್ಲ ಅನ್ನಿಸುತ್ತಿದೆ ಎಂದೆ. ಹೆಂಡತಿಗೆ ಹೇಳಿರಲಿಲ್ಲ, ವೈದ್ಯರಿಗೆ ಹೇಳಿರಲಿಲ್ಲ. ಐವತ್ತೆಂಟು ವರ್ಷದ ಗಂಡಸು ಮಗುವಿನ ಹಾಗೆ ಬಿಕ್ಕಿದೆ. ಏನೂ ಆಗುವುದಿಲ್ಲ ಎಂದು ಅವರು ಹೇಳಲಿಲ್ಲ. ಬಂದವರೆಲ್ಲ ಅದನ್ನೇ ಹೇಳಿ ಹೋಗಿದ್ದರು. ‘ಆಗುತ್ತದೆ. ನನಗೂ ಪ್ರತಿ ರಾತ್ರಿ ಮಾರನಹಳ್ಳಿ ದಾಟುವಾಗ ಆಗುತ್ತಿತ್ತು’ ಎಂದು ನನ್ನ ಮೊಣಕೈ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಪುಟ ತಿರುಗಿಸಿದರು.

ಪೋರ್ಷೆ 917. 1969ರಲ್ಲಿ ನೇರ ದಾರಿಯಲ್ಲೂ ನೆಟ್ಟಗೆ ಓಡದೆ ಚಾಲಕರನ್ನು ನಡುಗಿಸುತ್ತಿದ್ದ ಕಾರು. ಆ ಅಕ್ಟೋಬರಿನಲ್ಲಿ ಆಸ್ಟ್ರಿಯಾದ ಟ್ರ್ಯಾಕಿನಲ್ಲಿ ಪರೀಕ್ಷೆ ನಡೆಯುವಾಗ ಜಾನ್ ಹಾರ್ಸ್‌ಮನ್ ಎಂಬ ಎಂಜಿನಿಯರ್ ಕಾರಿನ ಮೈಮೇಲೆ ಅಂಟಿದ ಸತ್ತ ನುಸಿಗಳನ್ನು ನೋಡಿದ. ಮುಂದೆಲ್ಲ ನುಸಿ, ಬಾಲದ ಮೇಲೆ ಒಂದೂ ಇಲ್ಲ. ಹಾಗಾದರೆ ಗಾಳಿ ಬಾಲವನ್ನು ಮುಟ್ಟುತ್ತಲೇ ಇಲ್ಲ, ಅದನ್ನು ಕೆಳಕ್ಕೆ ಒತ್ತುವುದು ಹೇಗೆ? ಅಲ್ಲೇ ಅಲ್ಯೂಮಿನಿಯಂ ತಗಡು ಕತ್ತರಿಸಿ ಬಾಲವನ್ನು ಎತ್ತರಿಸಿದರು. ಕಾರು ನೆಟ್ಟಗಾಯಿತು. ಭಾವ ಇದನ್ನು ಎರಡು ಸಲ ಓದಿದರು. ಬಸ್ಸಿನ ಹಿಂಗಾಜಿಗೆ ಯಾಕಷ್ಟು ದೂಳು ಮೆತ್ತುತ್ತದೆ ಎಂದು ನನ್ನನ್ನೇ ಕೇಳಿ, ಅವರೇ ಉತ್ತರಿಸಿ, ತಲೆದೂಗಿದರು.

1970ರ ಲೆ ಮಾನ್ಸ್, ಮತ್ತೆ ಹೆರ್ಮಾನ್. ಹಿಂದಿನ ವರ್ಷ ಇಪ್ಪತ್ತನಾಲ್ಕು ಗಂಟೆ ಓಡಿಯೂ ಸುಮಾರು 120 ಮೀಟರ್ ಅಂತರದಲ್ಲಿ ಸೋತಿದ್ದವನು. ಈ ಸಲ ರಿಚರ್ಡ್ ಆಟ್‌ವುಡ್ ಜೊತೆ, 23ನೇ ಸಂಖ್ಯೆಯ ಕೆಂಪು-ಬಿಳಿ 917ರಲ್ಲಿ. ರಾತ್ರಿಯಿಡೀ ಮಳೆ. ಕೊನೆಗೆ ಫಲಿತಾಂಶದ ಪಟ್ಟಿಯಲ್ಲಿ ಉಳಿದವು ಏಳೇ ಕಾರು, ಮೊದಲನೆಯದು ಇವರದು. ಪೋರ್ಷೆಗೆ ಲೆ ಮಾನ್ಸ್‌ನಲ್ಲಿ ಒಟ್ಟಾರೆ ಮೊದಲ ಗೆಲುವು. ಹೆಂಡತಿಗೆ ಕೊಟ್ಟ ಮಾತಿನಂತೆ ಹೆರ್ಮಾನ್ ಅಲ್ಲಿಗೇ ರೇಸು ಬಿಟ್ಟ.

‘ಬಿಟ್ಟನೇ? ಗೆದ್ದ ಮೇಲೆ?’ ಎಂದರು ಭಾವ. ಸ್ವಲ್ಪ ಹೊತ್ತು ಬಿಟ್ಟು, ‘ಹಾಗಾದರೆ ಆ ಗೇಟಿನದು ಮಾಫಿ’ ಎಂದರು.

ಕಿಟಕಿಯಲ್ಲಿ ಬೆಳಕು ಬಂದಿತ್ತು. ಸ್ಕ್ಯಾನಿಗೆ ಒಯ್ಯಲು ತಳ್ಳುಗಾಡಿ ತಂದರು. ಗಾಡಿ ಬಾಗಿಲಿನಲ್ಲಿ ಹಿಂದು ಮುಂದಾಗುವಾಗ ಹಿಂದಿನಿಂದ ಭಾವನ ದನಿ: ‘ರೈಟ್, ರೈಟ್... ಹೋಲ್ಡಾನ್... ರೈಟ್.’ ವಾರ್ಡಿನ ಹುಡುಗ ಎರಡು ಮಾತಾಡದೆ ಪಾಲಿಸಿದ.

ಲೆ ಮಾನ್ಸ್ ಅಧ್ಯಾಯವನ್ನು ಮನೆಗೆ ಬಂದ ಮೇಲೆ ಮತ್ತೆ ಬರೆದೆ. ಬೈಗುಳ ಹೋಗಿದೆ, ಪ್ರಶ್ನೆ ಉಳಿದಿದೆ. ಜರ್ಮನಿಯ ಬೆಳ್ಳಿಬಣ್ಣದ ರೇಸ್ ಕಾರುಗಳಿಗೆ ಬಂದ ‘ಬೆಳ್ಳಿ ಬಾಣಗಳು’ ಎಂಬ ಹೆಸರಿನ ಹಿಂದಿನ ಕಥೆಯಲ್ಲೂ ಭಾವ ಕೈಯಾಡಿಸಿದ್ದಾರೆ. 1934ರಲ್ಲಿ ಮರ್ಸಿಡಿಸ್ ಕಾರು ಹೊಸ ನಿಯಮದ 750 ಕೆಜಿ ತೂಕದ ಮಿತಿಗಿಂತ ಒಂದು ಕೆಜಿ ಹೆಚ್ಚು ತೂಗಿತು, ರಾತ್ರೋರಾತ್ರಿ ಬಿಳಿ ಬಣ್ಣ ಕೆರೆದರು, ಒಳಗಿನ ಲೋಹ ಹೊಳೆಯಿತು ಎಂಬುದು ತಂಡದ ವ್ಯವಸ್ಥಾಪಕ ಆಲ್ಫ್ರೆಡ್ ನಾಯ್‌ಬಾವರ್ ಮುಂದೆ ಎಷ್ಟೋ ವರ್ಷಗಳ ಮೇಲೆ ಹೇಳಿದ ಕಥೆ. ಆ ದಿನದ ಐಫೆಲ್ ರೇಸಿಗೆ ತೂಕದ ಮಿತಿಯೇ ಇರಲಿಲ್ಲ ಎನ್ನುತ್ತಾರೆ ಇತಿಹಾಸಕಾರರು. ಭಾವ ದಾಖಲೆ ಕೇಳಲಿಲ್ಲ: ‘ಬಣ್ಣ, ಪುಟ್ಟಿ ಸೇರಿ ಒಂದು ಕೆಜಿ ಏನು, ಹೆಚ್ಚೇ ಹೋಗುತ್ತದೆ. ಆದರೆ ಬೆಳಗಾಗುವುದರೊಳಗೆ ಕೆರೆದು ಮುಗಿಸುವ ಪೇಂಟರ್ ನಮ್ಮ ಡಿಪೋದಲ್ಲಿ ಒಬ್ಬನೂ ಇರಲಿಲ್ಲ.’ ಈ ಮಾತನ್ನು ಅಡಿಟಿಪ್ಪಣಿಯಲ್ಲಿ ಹಾಕಿದ್ದೇನೆ, ಹೆಸರಿಲ್ಲದೆ.

ಮೊದಲ ಪ್ರತಿ ಅವರದು. ಅಂಚೆಯಲ್ಲಿ ಕಳಿಸುವುದಿಲ್ಲ, ವೈದ್ಯರು ಪ್ರಯಾಣಕ್ಕೆ ಒಪ್ಪಿದ್ದಾರೆ. ಶುಕ್ರವಾರ ಬರುತ್ತೇನೆ ಎಂದು ನಿನ್ನೆ ಫೋನ್ ಮಾಡಿದೆ. ಪುಸ್ತಕದ ಮಾತನ್ನೇ ಅವರು ಎತ್ತಲಿಲ್ಲ. ‘ಬೆಳಗಿನ ಬಸ್ಸಿಗೆ ಹತ್ತು. ಹಿಂದಿನ ಚಕ್ರದ ಮೇಲಿನ ಸೀಟು ಬೇಡ, ಹೊಲಿಗೆ ಇನ್ನೂ ಹಸಿ. ಡ್ರೈವರಿನ ಹಿಂದೆ ಎರಡನೆಯ ಸಾಲು, ಕಿಟಕಿ ಪಕ್ಕ’ ಎಂದು ಹೇಳಿ ಇಟ್ಟುಬಿಟ್ಟರು. ಸೀಟು ಕಾಯ್ದಿರಿಸಿದ್ದೇನೆ, ಅದೇ ಸಾಲು.