ಮರೆವಿಗೆ ಮನೆಯಲ್ಲೇ ವಿದ್ಯುತ್ ಚಿಕಿತ್ಸೆ ಬೇಡ

ಮಾನ್ಯರೆ,

ತಲೆಗೆ ಮಂದ ವಿದ್ಯುತ್ ಹಾಯಿಸಿ ಹಿರಿಯರ ನೆನಪಿನ ಶಕ್ತಿ ಹೆಚ್ಚಿಸಬಹುದೆಂಬ ವರದಿಯನ್ನು ಓದಿ, ಅಂಥ ಉಪಕರಣವನ್ನು ಆನ್‌ಲೈನ್‌ನಲ್ಲಿ ತರಿಸಿ ಮನೆಯಲ್ಲೇ ಪ್ರಯೋಗಿಸಲು ಹೊರಡುವುದು ಸರಿಯಲ್ಲ. 2022ರಲ್ಲಿ ಪ್ರಕಟವಾದ ಬೋಸ್ಟನ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ, ದಿನಕ್ಕೆ 20 ನಿಮಿಷದಂತೆ 4 ದಿನ ಈ ಪ್ರಚೋದನೆ ಪಡೆದ 65ರಿಂದ 88 ವರ್ಷದವರು ಪದಗಳ ಪಟ್ಟಿಯನ್ನು ಮೊದಲಿಗಿಂತ ಚೆನ್ನಾಗಿ ನೆನಪಿಟ್ಟುಕೊಂಡರು, ಆ ಸುಧಾರಣೆ ಒಂದು ತಿಂಗಳು ಉಳಿಯಿತು ಎಂಬುದು ನಿಜ. ಆದರೆ ಅದು ಮರೆಗುಳಿ ಕಾಯಿಲೆಯವರ ಮೇಲೆ ನಡೆದ ಪ್ರಯೋಗವಲ್ಲ, ಮಿದುಳಿನ ಯಾವ ಭಾಗಕ್ಕೆ ಯಾವ ಆವರ್ತನದ (ಫ್ರೀಕ್ವೆನ್ಸಿಯ) ವಿದ್ಯುತ್ ಎಂಬುದನ್ನು ನಿರ್ಧರಿಸಿದವರೂ ತಜ್ಞರೇ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಜೊತೆಯಾಗಿ ನಡೆಯುವ ನನ್ನ ಓರಗೆಯವರಲ್ಲಿ ಹಲವರು ಮರೆವನ್ನು ವಯಸ್ಸಿನ ಸಹಜ ದೋಷವೆಂದೇ ತಿಳಿದಿದ್ದಾರೆ. ಬಿ12 ಕೊರತೆ, ಥೈರಾಯ್ಡ್, ಕಿವಿ ಮಂದವಾಗುವುದು ಕೂಡ ಅದಕ್ಕೆ ಕಾರಣವಾಗಬಹುದೆಂದು ಅವರಿಗೆ ಯಾರೂ ಹೇಳಿಲ್ಲ. ಆದ್ದರಿಂದ ಜಿಲ್ಲಾಡಳಿತವು ಕೆ.ಆರ್. ಆಸ್ಪತ್ರೆ ಹಾಗೂ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯ ನೆರವಿನಿಂದ, ಹಿರಿಯ ನಾಗರಿಕರಿಗೆ ತಿಂಗಳಿಗೊಮ್ಮೆಯಾದರೂ ಸ್ಮರಣಶಕ್ತಿ ಮತ್ತು ಶ್ರವಣ ತಪಾಸಣಾ ಶಿಬಿರ ಏರ್ಪಡಿಸಬೇಕು.

– ಹಿರಿಯ ನಾಗರಿಕರೊಬ್ಬರು, ಸರಸ್ವತಿಪುರಂ, ಮೈಸೂರು